ಚಕ್ರಕ್ಕೆ ತಂದ ನಿಂಬೆಹಣ್ಣು

ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿ, ನಿವೃತ್ತಿಯ ನಂತರ ನೆಲಮಂಗಲದ ಹತ್ತಿರದ ಒಂದು ಗೋದಾಮಿನಲ್ಲಿ ಗಾಡಿಗಳನ್ನು ತಪಾಸಣೆ ಮಾಡಿ ಹೊರಡಿಸುವ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಆರಕ್ಕೆ ಶುರು. ಟೈರಿಗೆ ಸಲಾಕೆಯಿಂದ ಬಡಿದು ಗಾಳಿ ನೋಡುವುದು, ಬ್ರೇಕು, ದೀಪ, ಆಮೇಲೆ ಚಾಲಕ ಕುಡಿದಿದ್ದಾನೆಯೇ ಎಂದು ಊದಿಸುವುದು. ಎಲ್ಲ ಸರಿಯಿದ್ದರೆ ಪುಸ್ತಕದಲ್ಲಿ ಗುರುತು ಹಾಕಿ ಕೀಲಿ ಕೊಡುತ್ತಿದ್ದೆ. ಐದು ನಿಮಿಷ ತಡವಾದರೂ ನಾನು ಬೈಯುತ್ತಿದ್ದೆ.

ಸಾಸಲು ಕಡೆಯ ಒಬ್ಬ ಚಾಲಕನಿದ್ದ. ಐವತ್ತು ದಾಟಿತ್ತು. ದಿನವೂ ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟು, ಅದರ ಮೇಲೆ ಗಾಡಿ ಹತ್ತಿಸಿಯೇ ಹೊರಡುತ್ತಿದ್ದ. ನಿಂಬೆಹಣ್ಣು ನನ್ನ ಪಟ್ಟಿಯಲ್ಲಿರಲಿಲ್ಲ. ಆದರೂ ಬಗ್ಗಿ ನೋಡುವುದು ಅಭ್ಯಾಸವಾಗಿತ್ತು.

ಚಳಿಗಾಲದ ಒಂದು ಬೆಳಿಗ್ಗೆ ಹಣ್ಣು ಕಾಣಲಿಲ್ಲ.

"ಏನಪ್ಪಾ, ದೇವರ ಮೇಲೆ ಮುನಿಸಾ ಇವತ್ತು?" ಎಂದೆ.

"ಎದೆ ಉರೀತಿತ್ತು ಸಾರ್, ಗ್ಯಾಸು. ಚಕ್ರಕ್ಕೆ ತಂದಿದ್ದನ್ನೇ ಸೋಡಾಕ್ಕೆ ಹಿಂಡಿ ಕುಡಿದ್ಬಿಟ್ಟೆ. ಲಾರಿ ಏನೂ ಅನ್ಕೊಳಲ್ಲ."

ಪಕ್ಕದವರು ನಕ್ಕರು. ನಾನೂ ನಕ್ಕೆ. ನಾವೆಲ್ಲ ಸ್ವೆಟರ್ ಹಾಕಿದ್ದೆವು; ಅವನ ಅಂಗಿ ಬೆನ್ನಿನಲ್ಲಿ ಬೆವರಿಗೆ ಒದ್ದೆಯಾಗಿತ್ತು. ಡಾಕ್ಟರಿಗೆ ತೋರಿಸಿದರೆ ಲೈಸೆನ್ಸಿಗೇ ಕುತ್ತು ಎಂದು ಹಿಂದೊಮ್ಮೆ ಹೇಳಿದ್ದ. ನವೀಕರಣದ ಆರೋಗ್ಯ ಪತ್ರಕ್ಕೆ ಪರೀಕ್ಷೆಯಿಲ್ಲದೆ ಯಾರಿಂದಲೋ ಸಹಿ ಹಾಕಿಸಿಕೊಂಡಿದ್ದೂ ನನಗೆ ಗೊತ್ತಿತ್ತು. ಊದಿಸಿದೆ, ಕುಡಿದಿರಲಿಲ್ಲ. ನನ್ನ ಜೇಬಿನ ಗ್ಯಾಸ್ ಮಾತ್ರೆಯೊಂದನ್ನು ಕೊಟ್ಟು, ಆರೂವರೆಗೆ ಸರಿಯಾಗಿ ಕೀಲಿ ಕೊಟ್ಟೆ.

ಏಳೂಕಾಲಿಗೆ ಫೋನು ಬಂತು. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಲಾರಿ ಎಡಕ್ಕೆ ಸರಿಯುತ್ತಾ ಹೋಗಿ, ಗಾರ್ಮೆಂಟ್ಸ್ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸಿಗೆ ಬಡಿದು, ಮೋರಿ ಕಟ್ಟೆಗೆ ತಾಗಿ ನಿಂತಿತ್ತು. ಬ್ರೇಕ್ ಹಾಕಿದ ಗುರುತೇ ಇರಲಿಲ್ಲ. ಇಬ್ಬರೂ ಉಳಿಯಲಿಲ್ಲ. ಅವನ ಹೃದಯ ಅಪಘಾತಕ್ಕೆ ಮೊದಲೇ ನಿಂತಿತ್ತೆಂದು ಆಸ್ಪತ್ರೆಯವರು ಹೇಳಿದರು.

ನಾನು ಸ್ಥಳಕ್ಕೆ ಹೋದಾಗ, ಅಲ್ಲೇ ಗಾಡಿ ಪರೀಕ್ಷಿಸಿದ ಇನ್ಸ್‌ಪೆಕ್ಟರು, "ಗಾಡೀಲಿ ಏನೂ ದೋಷ ಇಲ್ಲ, ಚೆನ್ನಾಗಿ ಇಟ್ಕೊಂಡಿದೀರಿ" ಎಂದರು. ನನಗೆ ಸಮಾಧಾನವಾಯಿತು. ಮೋರಿಯ ಪಕ್ಕ ಬಿದ್ದಿದ್ದ ಆ ಹೆಂಗಸಿನ ಊಟದ ಡಬ್ಬಿ ಕಾಣುವವರೆಗೆ ಆ ಸಮಾಧಾನ ಇತ್ತು.

ಈಗ ಬಿಪಿ ಯಂತ್ರ ಇಟ್ಟುಕೊಂಡಿದ್ದೇನೆ. ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚಾಗಿದೆ. "ಮುದುಕ ಗಾಡಿಗಷ್ಟೇ ಅಲ್ಲ, ನಮಗೂ ಫಿಟ್‌ನೆಸ್ ಎಫ್‌ಸಿ ಮಾಡ್ತಾನೆ ಕಣೋ" ಎಂದು ಚಾಲಕರು ಆಡಿಕೊಳ್ಳುತ್ತಾರೆ. ಹೋದ ತಿಂಗಳು ಒಬ್ಬನ ಬಿಪಿ ತೀರಾ ಹೆಚ್ಚಿತ್ತು. ಎಷ್ಟು ಬೇಡಿಕೊಂಡರೂ ಕೀಲಿ ಕೊಡದೆ ಆಸ್ಪತ್ರೆಗೆ ಹೋಗೆಂದೆ. ಅವನು ಹೋಗಲಿಲ್ಲ. ಬೇರೆ ಗೋದಾಮಿಗೆ ಸೇರಿಕೊಂಡ, ಅಲ್ಲಿ ಊದಿಸುವುದಷ್ಟೇ. ಅದೇ ರಸ್ತೆಯಲ್ಲಿ ದಿನಾ ಗಾಡಿ ಓಡಿಸುತ್ತಾನೆ. ನನ್ನನ್ನು ಕಂಡರೆ ಹಾರ್ನ್ ಹೊಡೆದು ಹೋಗುತ್ತಾನೆ.