ಹಾಲೋ ಬ್ಲಾಕ್ ಮೇಲೆ ನಿಲ್ಲಿಸಿದ ಕಾರು

ಬ್ಲಾಕ್ ಒಡೆದ ಸದ್ದು ದೊಡ್ಡದೇನೂ ಇರಲಿಲ್ಲ. ಒಣಗಿದ ತೆಂಗಿನ ಚಿಪ್ಪು ಕಾಲಡಿ ಮುರಿದ ಹಾಗೆ… ಅಷ್ಟೇ.

ಮರುಕ್ಷಣ ಕಾರಿನ ಹಿಂಭಾಗ ಧೊಪ್ಪೆಂದು ಕೂತಿತು. ಶಿವಲಿಂಗಣ್ಣನ ಬಲಗೈ ಅದರ ಕೆಳಗಿತ್ತು.

ಐದು ತಿಂಗಳಾಯಿತು. ಈ ಗ್ರೂಪಿನಲ್ಲಿ ನನ್ನ ಹಳೇ ಪದ್ಮಿನಿ ಕಾರಿನ ಫೋಟೋ ನೋಡಿ ಲೈಕ್ ಒತ್ತಿದವರು ತುಂಬಾ ಜನ ಇದ್ದೀರಿ. ಆಮೇಲೆ ಯಾಕೆ ಅಪ್‌ಡೇಟ್ ಇಲ್ಲ ಅಂತ ಕೇಳಿದವರೂ ಇದ್ದೀರಿ. ಇದೇ ಕಾರಣ.

ಆ ಕಾರನ್ನು ಉಲ್ಲಾಳದ ಒಂದು ಖಾಲಿ ಸೈಟಿನಿಂದ ತಂದಿದ್ದೆ. ಎರಡು ವರ್ಷ ಭಾನುವಾರಗಳನ್ನೆಲ್ಲ ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಪೋರ್ಟಿಕೋದಲ್ಲೇ ಕಳೆದೆ. ತುಕ್ಕು ಉಜ್ಜಿದೆ, ಕಾರ್ಬುರೇಟರ್ ಬಿಚ್ಚಿ ತೊಳೆದೆ, ವೈರಿಂಗ್ ಪೂರ್ತಿ ಬದಲಿಸಿದೆ.

ಸೀಟು ಹೊಲಿದವರು ಶಿವಲಿಂಗಣ್ಣ. ನಮ್ಮ ಪಕ್ಕದ ಕ್ರಾಸಿನಲ್ಲಿ ಅವರದು ಪ್ಯಾಂಟ್ ಶರ್ಟ್ ಹೊಲಿಯುವ ಅಂಗಡಿ. ಕಾರಿನ ಸೀಟು ಅವರು ಯಾವತ್ತೂ ಹೊಲಿದವರಲ್ಲ. ಹಳೇ ಕವರಿನ ಹೊಲಿಗೆಯನ್ನು ಒಂದೊಂದೇ ಬಿಚ್ಚಿ, ಅದನ್ನೇ ಅಳತೆಗೆ ಇಟ್ಟುಕೊಂಡು ಮರೂನ್ ರೆಕ್ಸಿನ್ ಕತ್ತರಿಸಿದರು. ಕೂರಿಸಿದಾಗ ಎಲ್ಲೂ ಒಂದು ಸುಕ್ಕಿರಲಿಲ್ಲ.

ಆಮೇಲೆ ಅವರಿಗೂ ಕಾರಿನ ಹುಚ್ಚು ಹಿಡಿಯಿತು. ಭಾನುವಾರ ತಿಂಡಿ ಮುಗಿಸಿ ಬಂದುಬಿಡುತ್ತಿದ್ದರು. "ಇವತ್ತೇನ್ ಬಿಚ್ತೀರಾ ಸಾರ್?" ಅಂತ ಗೇಟಿನಲ್ಲೇ ಕೇಳುತ್ತಿದ್ದರು.

ಅವತ್ತು ಹ್ಯಾಂಡ್ ಬ್ರೇಕ್ ಕೇಬಲ್ ಹಾಕಬೇಕಿತ್ತು. ಹಿಂದಿನ ಒಂದು ಚಕ್ರ ಬಿಚ್ಚಿದ್ದೆ. ನನ್ನ ಹತ್ತಿರ ಇದ್ದದ್ದು ಒಂದೇ ಜ್ಯಾಕ್. ಅದು ಇನ್ನೊಂದು ಪಕ್ಕಕ್ಕೆ ಬೇಕಿತ್ತು. ಹಾಗಾಗಿ ಈ ಪಕ್ಕಕ್ಕೆ ಮನೆ ಕಟ್ಟುವಾಗ ಉಳಿದಿದ್ದ ಎರಡು ಸಿಮೆಂಟ್ ಹಾಲೋ ಬ್ಲಾಕ್ ಒಟ್ಟಿ, ಜ್ಯಾಕ್ ತೆಗೆದೆ.

ಸುಂಕದಕಟ್ಟೆಯ ಮೆಕ್ಯಾನಿಕ್ ಒಬ್ಬರು ಮೊದಲೇ ಹೇಳಿದ್ದರು, ಕಬ್ಬಿಣದ ಸ್ಟ್ಯಾಂಡ್ ತಗೊಳ್ಳಿ, ಬ್ಲಾಕ್ ನಂಬಬೇಡಿ ಅಂತ. ಮುಂದಿನ ವಾರ, ಮುಂದಿನ ವಾರ ಅಂತ ತಳ್ಳಿದ್ದೆ.

ಶಿವಲಿಂಗಣ್ಣ ಬಗ್ಗಿ ನೋಡಿ, "ಸಾರ್, ಇದು ತಡಿಯುತ್ತಾ?" ಅಂದರು.

"ಮನೇನೇ ಹೊರುತ್ತೆ ಶಿವಲಿಂಗಣ್ಣ, ಕಾರ್ ಹೊರಲ್ವಾ?" ಅಂದೆ ನಾನು. ನಗುತ್ತಲೇ ಅಂದೆ.

ನನ್ನ ದಪ್ಪ ಕೈ ಅಲ್ಲಿ ನುಗ್ಗುತ್ತಿರಲಿಲ್ಲ. "ನಿಮ್ ಕೈ ಸಣ್ಣದು, ಕೇಬಲ್ ಕೊಕ್ಕೆಗೆ ಸಿಕ್ಕಿಸಿಬಿಡಿ" ಅಂತ ನಾನೇ ಕೇಳಿದೆ. ಅವರು ನೆಲದ ಮೇಲೆ ಮಲಗಿ ಕೈ ಒಳಗೆ ಹಾಕಿದರು…

ಜ್ಯಾಕ್ ಮತ್ತೆ ತಂದು ಕೂರಿಸಿ ಎತ್ತಬೇಕು. ಹಿಡಿ ಜಾರುತ್ತಿದೆ. ಅವರು ಕಿರುಚಲಿಲ್ಲ. "ಬೇಗ ಸಾರ್, ಬೇಗ" ಅಂತ ಮೆಲ್ಲಗೆ ಹೇಳುತ್ತಲೇ ಇದ್ದಾರೆ.

ಬಲಗೈಯ ತೋರುಬೆರಳು, ಮಧ್ಯದ ಬೆರಳು ಎರಡೂ ಉಳಿಯಲಿಲ್ಲ. ಕತ್ತರಿ ಹಿಡಿಯುವ ಕೈ.

ಆದರೆ ನಾನು ಹೇಳಬೇಕಾದ್ದು ಇದಲ್ಲ.

ಆಸ್ಪತ್ರೆಗೆ ಅವರ ಹೆಂಡತಿ ಗಿರಿಜಮ್ಮ ಓಡಿ ಬಂದರು. ಏನಾಯ್ತು ಸಾರ್, ಹೇಗಾಯ್ತು ಅಂತ ನನ್ನನ್ನೇ ಕೇಳಿದರು. ನಾನು ಅಂದೆ: "ಕೆಳಗೆ ಕೈ ಹಾಕ್ಬೇಡಿ ಅಂದೆ ಗಿರಿಜಮ್ಮ. ಕೇಳ್ಲಿಲ್ಲ."

ಯಾಕೆ ಹಾಗಂದೆ, ಇವತ್ತಿಗೂ ಗೊತ್ತಿಲ್ಲ. ಭಯಕ್ಕೆ ಬಾಯಿಗೆ ಬಂದುಬಿಟ್ಟಿತು.

ಶಿವಲಿಂಗಣ್ಣ ಅಲ್ಲೇ ಮಲಗಿದ್ದರು. ಕೇಳಿಸಿಕೊಂಡರು. ನನ್ನ ಮುಖವನ್ನು ಒಂದು ಸಲ ನೋಡಿ, ಆ ಕಡೆ ತಿರುಗಿಕೊಂಡರು. ನಿಜವನ್ನು ಆಮೇಲೂ ಯಾರಿಗೂ ಹೇಳಲಿಲ್ಲ.

ಅಂಗಡಿ ಈಗ ಗಿರಿಜಮ್ಮನ ಮೇಲಿದೆ. ಮೊದಲು ಕಾಜಾ, ಗುಂಡಿ, ಸೀರೆ ಫಾಲ್ಸ್ ಮಾತ್ರ ನೋಡಿಕೊಳ್ಳುತ್ತಿದ್ದವರು. ಪ್ಯಾಂಟ್ ಹೊಲಿಸಲು ಬರುವವರು ನಿಂತರು. ಶಿವಲಿಂಗಣ್ಣ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಎಡಗೈಯಲ್ಲಿ ಸೀಮೆಸುಣ್ಣದ ಗೆರೆ ಎಳೆಯುವುದನ್ನು ಕಲಿಯುತ್ತಿದ್ದಾರೆ. ನಾನು ಆ ಕ್ರಾಸ್ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಹೋದ ಶನಿವಾರ ತಡೆಯಲಾಗಲಿಲ್ಲ. ಹೋದೆ. ಅಂಗಡಿಯಲ್ಲಿ ಶಿವಲಿಂಗಣ್ಣ ಇರಲಿಲ್ಲ, ಗಿರಿಜಮ್ಮ ಒಬ್ಬರೇ ಇದ್ದರು. ನಿಂತ ಕಾಲಲ್ಲೇ ಎಲ್ಲ ಹೇಳಿದೆ. ಬ್ಲಾಕ್ ಇಟ್ಟವನು ನಾನು, ಕೈ ಹಾಕಿ ಅಂದವನೂ ನಾನು, ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳು ಅಂತ.

ಗಿರಿಜಮ್ಮ ಹೊಲಿಗೆ ಮಶೀನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಅಂತಲೇ ಹೋಗಿದ್ದೆ.

"ಐದು ತಿಂಗಳಿಂದ ದಿನಾ ಅವ್ರನ್ನ ಬೈದಿದೀನಿ ಸಾರ್" ಅಂದರು. "ಸಾರ್ ಬೇಡ ಅಂದ್ರೂ ಯಾಕ್ರೀ ಕೈ ಹಾಕಿದ್ರಿ, ನಮ್ ಬಾಳು ಹಾಳ್ ಮಾಡಿದ್ರಿ ಅಂತ. ತಟ್ಟೆ ಮುಂದೆ ಕೂತಾಗ್ಲೂ ಬಿಟ್ಟಿಲ್ಲ. ಎಡಗೈಯಲ್ಲಿ ಕಲಸ್ಕೊಂಡು ತಿಂದು ಎದ್ದು ಹೋಗೋರು."

ಆಮೇಲೆ ತಲೆ ಎತ್ತದೆ, "ಹೋಗಿ ಸಾರ್" ಅಂದರು. ಹೋಗಿ ಬನ್ನಿ ಅನ್ನಲಿಲ್ಲ.

ಮಾರನೇ ದಿನ ಶಿವಲಿಂಗಣ್ಣನೇ ಫೋನ್ ಮಾಡಿದರು. ಅಪಘಾತ ಆದ ಮೇಲೆ ಮೊದಲ ಸಲ ಅವರಾಗಿಯೇ ಮಾಡಿದ್ದು.

"ಯಾಕ್ ಹೇಳೋಕ್ ಹೋದ್ರಿ ಸಾರ್? ಬೈಕೊಂಡು ಇದ್ಳು, ಹೆಂಗೋ ನಡೀತಿತ್ತು. ಈಗ ನನ್ ಮುಖ ನೋಡೋಕೇ ಆಗ್ತಿಲ್ಲ ಅವಳಿಗೆ. ನಿನ್ನೆಯಿಂದ ಊಟ ಮಾಡಿಲ್ಲ."

ಕ್ಷಮಿಸಿ ಶಿವಲಿಂಗಣ್ಣ ಅನ್ನುವಷ್ಟರಲ್ಲಿ ಕಟ್ ಆಯಿತು.

ಕಾರು ಕವರ್ ಹೊದ್ದು ನಿಂತಿದೆ. ಮನೆಯಲ್ಲಿ ಹಳೇ ಗಾಡಿ ಬಿಚ್ಚುವವರು ದಯವಿಟ್ಟು ಸ್ಟ್ಯಾಂಡ್ ಇಲ್ಲದೆ ಕೆಳಗೆ ಕೈ ಹಾಕಬೇಡಿ, ಯಾರಿಗೂ ಹಾಕಿ ಅನ್ನಲೂ ಬೇಡಿ. ಇಷ್ಟು ಹೇಳುವ ಅರ್ಹತೆ ನನಗೆ ಇದೆಯೋ ಇಲ್ಲವೋ, ಗೊತ್ತಿಲ್ಲ…

ನಾಳೆ ಅವರ ಮನೆಗೇ ಹೋಗೋಣ ಅನ್ನಿಸುತ್ತೆ, ಕಾಲು ಏಳುತ್ತಿಲ್ಲ. ನೀವಾಗಿದ್ದರೆ ಹೋಗುತ್ತಿದ್ದಿರಾ?