ಗೇಟಿನ ತನಕ ಬಿಟ್ಟು ಬಾ

ಎದುರುಮನೆ ಅಕ್ಕನ ಪಾದಗಳು ಅಗಲ. ಬೆರಳುಗಳು ಒಂದನ್ನೊಂದು ಮುಟ್ಟದಂತೆ ಹರಡಿಕೊಂಡಿದ್ದವು. ಗದ್ದೆಯ ಕೆಸರಿನಲ್ಲಿ ನಡೆದು ಬಲಿತ ಪಾದಗಳು. ವಿಯೆಟ್ನಾಂ ಪ್ರವಾಸಕ್ಕೆಂದು ಬಳ್ಳಾರಿಯಲ್ಲಿ ಎಷ್ಟು ಅಂಗಡಿ ತಿರುಗಿದರೂ ಹೆಂಗಸರ ಶೂ ಒಂದೂ ಕಾಲಿಗಾಗಲಿಲ್ಲ. ಕೊನೆಗೆ ಗಂಡಸರ ಶೂ ಕೊಂಡು, ಕಾಲುಂಗುರ ಒತ್ತದಂತೆ ಒಳಗೆ ಹತ್ತಿ ತುರುಕಿ, ಇಳಕಲ್ ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಠೀವಿಯಿಂದ ನಡೆದರು.

“ಹೆಂಗದೀನಿ?” ಎಂದರು.

“ಫೌಜ್ದಾರ್ರು ಸೀರಿ ಉಟ್ಟಂಗ ಅದೀರಿ” ಎಂದೆ. ನಕ್ಕೂ ನಕ್ಕೂ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಅವರ ತವರು ಕುರುಗೋಡು, ಗಂಡನ ಹೊಲ ತೆಕ್ಕಲಕೋಟೆ ಹತ್ತಿರ. ನನಗೆ ರಕ್ತಸಂಬಂಧವೇನಲ್ಲ. ನನ್ನ ಯಜಮಾನರು ತೀರಿಕೊಂಡು, ಅದರ ಬೆನ್ನಿಗೇ ಮೊಣಕಾಲಿನ ಆಪರೇಷನ್ನೂ ಆಗಿ, ನಾನು ಮನೆ ಹಿಡಿದು ಕುಳಿತಿದ್ದೆ. ನಡೆಯಿರಿ ಎಂದು ಡಾಕ್ಟರು ಬೈದದ್ದೇ ಬೈದದ್ದು. ಎಲ್ಲಿಗೆ ನಡೆಯುವುದು, ಯಾರ ಸಂಭ್ರಮಕ್ಕೆ? ಬೀಳುವ ಭಯಕ್ಕಿಂತ, ಬಿದ್ದರೆ ಕೈ ಕೊಡುವವರು ಹೋಗಿಬಿಟ್ಟರಲ್ಲ ಎಂಬ ಸಂಕಟ ದೊಡ್ಡದಿತ್ತು.

ಅಕ್ಕ ಉಪದೇಶ ಮಾಡಲಿಲ್ಲ. ದಿನಾ ಸಂಜೆ ಬಂದು ಹರಟಿ, ಹೊರಡುವಾಗ “ಗೇಟಿನ ತನಕ ಬಿಟ್ಟು ಬಾ, ತಂಗಿ” ಎನ್ನುತ್ತಿದ್ದರು. ಮನೆಗೆ ಬಂದವರನ್ನು ಕುಳಿತಲ್ಲಿಂದಲೇ ಕಳಿಸಿದರೆ ನಮ್ಮ ಕಡೆ ಅದು ಮರ್ಯಾದೆಯಲ್ಲ. ಗೊಣಗುತ್ತ ಏಳುತ್ತಿದ್ದೆ. ಗೇಟು ಮುಟ್ಟಿದೊಡನೆ ಅವರು ತಿರುಗಿ, “ಅಯ್ಯ, ನಿನ್ನ ಒಬ್ಬಾಕೀನ ಹೆಂಗ ಕಳಿಸ್ಲಿ? ಬಾ, ಬಾಗಿಲ ತನಾ ಬಿಡ್ತೀನಿ” ಎನ್ನುವರು. ಬಾಗಿಲಿಗೆ ಬಂದ ಮೇಲೆ ನಾನು ಸುಮ್ಮನಿರಲಾದೀತೇ? ಮತ್ತೆ ಗೇಟಿಗೆ. ಹೀಗೆ ಇಬ್ಬರೂ ಸೇರಿ ಅಂಗಳ ಸವೆಸಿದೆವು. ಬರುಬರುತ್ತ ಗೇಟು ಹೋಗಿ ಓಣಿಯ ತುದಿಯಾಯಿತು. ಆದರೆ ಅವರ ಭುಜ ಹಿಡಿಯದೆ ನಾನು ಒಂದು ಹೆಜ್ಜೆಯನ್ನೂ ಹೊರಗಿಟ್ಟವಳಲ್ಲ.

ಕಂಟೋನ್ಮೆಂಟಿನ ಟ್ರಾವೆಲ್ಸ್ ಆಫೀಸಿನ ಮುಂದೆ ವಿಯೆಟ್ನಾಂ ಪ್ರವಾಸದ ಒಂದು ಬೋರ್ಡು ಹಾಕಿದ್ದರು. ಗುಡ್ಡದ ಮೈತುಂಬ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಕಾಲುವೆ ನೀರಿನ ಬಯಲು ಸೀಮೆಯ ಅಕ್ಕನಿಗೆ ಅದು ನಂಬುವ ಮಾತಲ್ಲ. “ಗುಡ್ಡಕ್ಕ ನೆಲ್ಲು ಹಚ್ಚ್ಯಾರ! ನೀರು ಹೆಂಗ ನಿಂದ್ರತೈತಿ? ನಡಿ, ನೋಡಿ ಬರೂಣು.” ಅವರ ಯಜಮಾನರು ಹೊಲ ಬಿಟ್ಟು ಕದಲುವವರಲ್ಲ. ಜೊತೆಗೆ ನಾನೇ ಆಗಬೇಕಾಯಿತು.

ವಿಯೆಟ್ನಾಮಿನಲ್ಲಿ ಗುಂಪಿನವರೆಲ್ಲ ನಡೆಯುವಾಗ ನಾನು ಹೆಚ್ಚಾಗಿ ವ್ಯಾನಿನಲ್ಲೇ ಕುಳಿತಿರುತ್ತಿದ್ದೆ. ಒಂದು ದಿನ ಮಾತ್ರ ಅಕ್ಕ ಬಿಡಲಿಲ್ಲ. ಅವರ ಭುಜ ಹಿಡಿದು ಬದುವಿನ ಮೇಲೆ ನಡೆದು, ಗದ್ದೆಗಳ ನಡುವಿನ ಒಂದು ಮನೆಯಲ್ಲಿ ಊಟ ಮಾಡಿದೆವು. ಹೊರಟಾಗ ಆ ಮನೆಯ ಮುದುಕಿ, ಬೆನ್ನು ಬಾಗಿದಾಕೆ, ಕೋಲೂರಿಕೊಂಡು ರಸ್ತೆಯವರೆಗೂ ನಮ್ಮನ್ನು ಬಿಡಲು ಬಂದಳು. ಎಲ್ಲರೂ ಕೈ ಬೀಸಿ ವ್ಯಾನು ಹತ್ತಿದರು. ಒಳಗೆ ಕುಳಿತು ನೋಡುತ್ತೇನೆ, ಅಕ್ಕ ಇಲ್ಲ! ಮುದುಕಿಯ ಕೈ ಹಿಡಿದು ಬದುವಿನ ಮೇಲೆ ವಾಪಸು ಹೊರಟಿದ್ದಾರೆ.

“ಆಂಟಿ ಎಲ್ಲೋದ್ರು? ಕೇಬಲ್ ಕಾರ್ ಮಿಸ್ ಆಗತ್ತೆ!” ಬೆಂಗಳೂರಿನ ಟೂರ್ ಮ್ಯಾನೇಜರ್ ತಲೆ ಚಚ್ಚಿಕೊಂಡ. ಕರೆತರಲು ಹೊರಟವನನ್ನು ತಡೆದೆ. ಅವನು ಹೋದರೆ ಅವನನ್ನೂ ಕೂರಿಸಿ ಚಹಾ ಕುಡಿಸಿಯಾರು. “ನಾ ಹೋಗ್ತೀನಿ ಬಿಡಪ್ಪ” ಎಂದು ಸಿಟ್ಟಿನಲ್ಲಿ ಇಳಿದೇಬಿಟ್ಟೆ.

ನಡುದಾರಿಗೆ ಬಂದಾಗ ಎಚ್ಚರವಾಯಿತು. ಎರಡೂ ಕಡೆ ನೀರು, ಕಾಲಡಿ ಜಾರುವ ಮಣ್ಣು, ಹಿಡಿಯಲು ಭುಜವಿಲ್ಲ. ಯಜಮಾನರ ನೆನಪಾಗಿ ನಿಂತಲ್ಲೇ ಅತ್ತೆ. ಹಿಂದೆ ಹೋಗಲೂ ಅಷ್ಟೇ ದೂರವಿತ್ತು. ಕಣ್ಣೊರೆಸಿಕೊಂಡು ಮುಂದಕ್ಕೇ ಹೋದೆ.

ಅಲ್ಲಿ ನೋಡಿದರೆ ಮುದುಕಿ ಮತ್ತೆ ಕೋಲು ಹಿಡಿದು ಅಕ್ಕನನ್ನು ಬಿಡಲು ಹೊರಟಿದ್ದಾಳೆ! “ಸಾಕಿರವ್ವ, ಸಾಕು” ಎಂದು ಅಕ್ಕ ಕನ್ನಡದಲ್ಲೇ ಗದರುತ್ತಿದ್ದಾರೆ.

“ಅಕ್ಕಾರ, ಎಲ್ಲಾರೂ ಕಾಯಾಕತ್ತಾರ, ನಿಮಗ ಬುದ್ಧಿ ಐತೋ ಇಲ್ಲೋ?” ಎಂದು ಕೂಗಿದೆ.

“ಮುದುಕಿ ಅದಾಳ, ಒಬ್ಬಾಕೀನ ಹೆಂಗ ಕಳಿಸ್ಲಿ?” ಎಂದವರು ನನ್ನ ಬೆನ್ನ ಹಿಂದೆ ನೋಡಿದರು. “ಯಾರ ಜೋಡಿ ಬಂದಿ?”

“ಒಬ್ಬಾಕೀನ.”

ಅಕ್ಕ ಎರಡೂ ಕೈಯಿಂದ ನನ್ನ ಮುಖ ಹಿಡಿದುಕೊಂಡರು. ಕಣ್ಣು ತುಂಬಿದ್ದವು. “ಬಂದ್ಯಾ?” ಎಂದರು, ಅಷ್ಟೇ.

ಕೇಬಲ್ ಕಾರು ತಪ್ಪಿತು. ಮುಖ ಊದಿಸಿಕೊಂಡಿದ್ದವರಿಗೆಲ್ಲ ಅಕ್ಕ ಶೇಂಗಾ ಉಂಡೆ ಹಂಚಿದರು. ತಿಂದರು, ಆದರೆ ಊರು ಮುಟ್ಟುವವರೆಗೂ ಅದನ್ನು ಆಡಿಕೊಳ್ಳುವುದು ಬಿಡಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡರು. ಎರಡು ವಾರ ಜ್ವರವೆಂದು ಮಲಗಿದವರು ಏಳಲೇ ಇಲ್ಲ. ಮಣ್ಣು ಮಾಡಿದ್ದು ತೆಕ್ಕಲಕೋಟೆಯ ಅವರ ಹೊಲದಲ್ಲೇ. ಕಾರು ರಸ್ತೆಯಲ್ಲಿ ನಿಂತಿತು; ಮುಂದೆ ಭತ್ತದ ಗದ್ದೆಗಳ ನಡುವೆ ಬದು. “ಅಮ್ಮಾರ, ನೀವು ಕಾರಿನಾಗ ಕುಂದರ್ರಿ, ನಡಿಯಾಕ ಆಗಂಗಿಲ್ಲ ನಿಮಗ” ಎಂದು ಅವರ ಮನೆಯವರು ಹೇಳಿದರು. ನಾನು ಕೇಳಲಿಲ್ಲ. ಎಲ್ಲರ ಹಿಂದೆ ಒಬ್ಬಳೇ ನಡೆದು ಹೋಗಿ, ಒಂದು ಹಿಡಿ ಮಣ್ಣು ಹಾಕಿದೆ.

ತಿರುಗಿ ಬರುವಾಗ ಬದುವಿನ ನಡುವೆ ಒಮ್ಮೆ ನಿಂತೆ. ಅಕ್ಕನನ್ನು ಅಲ್ಲಿಯ ತನಕ ಬಿಟ್ಟು ಬಂದಿದ್ದೆ. ನನ್ನನ್ನು ಕಾರಿನ ತನಕ ಬಿಡಲು ಹಿಂದಿನಿಂದ ಯಾರೂ ಬರಲಿಲ್ಲ.