ಅಪ್ಪ ಇದ್ದ ಮಗನ ಮೀಸೆ

ಯಗಟಿಯ ಚಿಕ್ಕಬೀರಪ್ಪ ಕಳೆದ ಸೋಮವಾರ ಬೆಳಗ್ಗೆ ತೀರಿಕೊಂಡ. ಐವತ್ತೆರಡು ವರ್ಷವಾಗಿತ್ತು. ಎಂಟು ದಿನದ ಜ್ವರ. ಅವನ ತಂದೆ ಮುದ್ದಪ್ಪನವರು ಇದ್ದಾರೆ.

ಒಂದು ಹಿಂಡು ಕುರಿ, ಸ್ವಲ್ಪ ರಾಗಿ ಹೊಲ, ಹಳ್ಳದ ಪಕ್ಕ ಇಪ್ಪತ್ತು ತೆಂಗಿನ ಮರ, ಇಷ್ಟೇ ಅವನ ಬದುಕು. ಸುಗ್ಗಿ ಮುಗಿದ ಮೇಲೆ ಮಾತ್ರ ಅವನು ರಾಣಿಯಾಗುತ್ತಿದ್ದ. ಊರಿನ ಬಯಲಾಟದಲ್ಲಿ ಹೆಣ್ಣುವೇಷ ಅವನದೇ. ಉಳಿದವರಿಗೆ ಹೆಣ್ಣುವೇಷವೆಂದರೆ ಮುಖಕ್ಕೆ ಅರದಾಳ, ಕಣ್ಣಿಗೆ ಕಾಡಿಗೆ, ಮೈಗೆ ಮಿಂಚುವ ಸೀರೆ. ಅವನಿಗೆ ಅಷ್ಟು ಸಾಲುತ್ತಿರಲಿಲ್ಲ. ಕಡೂರಿನ ಸಂತೆಗೆ ಕುರಿ ಹೊಡೆದುಕೊಂಡು ಹೋದರೆ ವ್ಯಾಪಾರವನ್ನು ಜೊತೆಯವರಿಗೆ ಬಿಟ್ಟು, ಹೆಂಗಸರು ಸೆರಗು ಹೊದ್ದ ರೀತಿಯನ್ನೇ ನೋಡುತ್ತ ನಿಂತುಬಿಡುತ್ತಿದ್ದ. ಒಮ್ಮೆ ಒಬ್ಬಾಕೆಗೆ ರೇಗಿತು.

“ಏನಪ್ಪಾ, ನಿಮ್ಮನ್ಯಾಗೆ ಸೀರೆ ಉಡೋರು ಯಾರೂ ಇಲ್ವೇನು?”

“ಇದ್ದಿದ್ರೆ ನಾನ್ಯಾಕ್ ಉಡ್ತಿದ್ದೆ ತಾಯಿ” ಎಂದು ಅವನು ಕೈಮುಗಿದ.

ಅದು ನಿಜವೂ ಆಗಿತ್ತು. ತಾಯಿ ಅವನ ಎಂಟನೇ ವಯಸ್ಸಿಗೇ ಹೋಗಿದ್ದಳು. ಅಕ್ಕ ಈರಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಾಗಿತ್ತು. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಮನೆಯಲ್ಲಿದ್ದವರು ಅಪ್ಪ, ಮಗ ಇಬ್ಬರೇ.

ಸಂತೆಯಿಂದ ಮರಳುವ ದಾರಿಯುದ್ದಕ್ಕೂ ಅವನು ಕಂಡದ್ದನ್ನು ಹೇಳುತ್ತ ಬರುತ್ತಿದ್ದ. ನೆರಿಗೆಯನ್ನು ಗೇಣು ಮೇಲೆ ಸಿಕ್ಕಿಸಿದವಳು ಹಳ್ಳ ದಾಟಿ ಬಂದವಳು. ಎರಡೂ ಹೆಗಲು ಮುಚ್ಚಿಕೊಂಡವಳಿಗೆ ಸಂತೆಯಲ್ಲಿ ಎಲ್ಲೋ ಮಾವನೋ ಭಾವನೋ ಕಂಡಿರಬೇಕು. ಹಣೆ ತುಂಬ ಕುಂಕುಮ ಇಟ್ಟವಳು ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೊರಟವಳು; ದಾರಿಯಲ್ಲಿ ಯಾರೂ ಏನೂ ಕೇಳದಿರಲಿ ಎಂದೇ ಅಷ್ಟು ದೊಡ್ಡದಾಗಿ ಇಟ್ಟಿದ್ದಾಳೆ. ಬೇರೆಯವರ ಉಡುಗೆಯನ್ನು ಇಷ್ಟು ಚೆನ್ನಾಗಿ ಓದುತ್ತಿದ್ದವನು, ತನ್ನ ಮುಖವನ್ನು ಜನ ಹೇಗೆ ಓದಿಯಾರು ಎಂಬುದನ್ನು ಒಂದೇ ಒಂದು ಸಲ ಮರೆತ.

ಜರ್ಮನ್ ಯುದ್ಧಕ್ಕೆ ಎರಡು ವರ್ಷ ಮುಂಚಿನ ಮಾತು. ನಮ್ಮ ಸೀಮೆಯಲ್ಲಿ ಅಪ್ಪ ಸತ್ತಾಗ ಮಗ ಮೀಸೆ ತೆಗೆಸುತ್ತಾನೆ. ಅಪ್ಪ ಇರುವವನು ಅದಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ಹಾಗಾಗಿ ಚಿಕ್ಕಬೀರಪ್ಪನ ರಾಣಿಗೂ ಮೀಸೆ ಇತ್ತು. ಅವನು ಆಟ ಮುಗಿಯುವವರೆಗೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಹಾಡುತ್ತಿದ್ದ. ದೀವಟಿಗೆಯ ಬೆಳಕಿಗೆ ಅಷ್ಟು ಸಾಕಾಗಿತ್ತು. ಎಂಥ ನಾಚಿಕೆಯ ರಾಣಿಯಪ್ಪ ಎಂದು ಹೆಂಗಸರು ಹೊಗಳುತ್ತಿದ್ದರು. ಆದರೆ ಆ ವರ್ಷ ತರೀಕೆರೆಯಲ್ಲಿ ಆಟ ಆಡಿಸಿದವರು ಗ್ಯಾಸ್ ದೀಪ ತರಿಸಿದ್ದರು. ಕಾಡಿಗೆ ಹೊರಟ ರಾಣಿ ಮಗುವನ್ನು ಎತ್ತಿಕೊಳ್ಳಲು ಬಗ್ಗಿದಾಗ ಸೆರಗು ಜಾರಿತು. ಮುಂದೆ ಕೂತಿದ್ದವನೊಬ್ಬ ನಿಧಾನವಾಗಿ, ಎಲ್ಲರಿಗೂ ಕೇಳುವಂತೆ, “ರಾಣಿಗೆ ಅಪ್ಪ ಇನ್ನೂ ಅವ್ನೆ ಕಣ್ರಲೇ” ಎಂದ. ಆಮೇಲೆ ಆ ರಾಣಿಯ ಯಾವ ದುಃಖಕ್ಕೂ ಯಾರೂ ಅಳಲಿಲ್ಲ.

ಮುಂದಿನ ವಾರ ಅಜ್ಜಂಪುರದಲ್ಲಿ ಆಟವಿತ್ತು. ಮೀಸೆ ತೆಗೆಸಲೇ ಎಂದು ಅವನು ಅಪ್ಪನನ್ನು ಕೇಳಿದ. ಜಗಲಿಯ ಮೇಲೆ ಉಣ್ಣೆ ನೂಲುತ್ತಿದ್ದ ಮುದ್ದಪ್ಪನವರು, ನನ್ನನ್ನು ಮಣ್ಣು ಮಾಡಿದ ಮೇಲೆ ತೆಗೆಸು ಎಂದು ನಕ್ಕರು. ಮಗನೂ ನಕ್ಕ. ಆದರೆ ಅಜ್ಜಂಪುರದ ಸ್ಟೇಷನ್ನಿನಲ್ಲಿ ರೈಲು ಇಳಿದವನು ನೆಟ್ಟಗೆ ಹೋಗಿ ಕ್ಷೌರಿಕನ ಮುಂದೆ ಕೂತ.

ಮೀಸೆ ತೆಗಿ ಎಂದಾಗ ಕ್ಷೌರಿಕನ ಕೈ ನಿಂತಿತು. “ಯಾವಾಗ ಹೋದ್ರು?” ಎಂದು ತಗ್ಗಿದ ದನಿಯಲ್ಲಿ ಕೇಳಿದ. ಇದು ಹೆಣ್ಣುವೇಷಕ್ಕೆ ಎನ್ನಲು ಚಿಕ್ಕಬೀರಪ್ಪನಿಗೆ ನಾಚಿಕೆಯಾಯಿತು. ಗಂಡಸು ಹಾಗೆ ತಲೆ ತಗ್ಗಿಸಿ ಕೂತದ್ದನ್ನು ಕ್ಷೌರಿಕ ದುಃಖವೆಂದುಕೊಂಡ. ಮೀಸೆ ತೆಗೆದ. ಇವನು ಬಾಯಿ ಬಿಡುವುದರೊಳಗೆ ತಲೆಗೂ ನೀರು ತಟ್ಟಿ, ಜುಟ್ಟು ಉಳಿಸಿ, ಅದನ್ನೂ ಶಾಸ್ತ್ರಕ್ಕೆ ಸರಿಯಾಗಿ ಮುಗಿಸಿಬಿಟ್ಟ.

ಆ ಆಟದಲ್ಲಿ ಯಾರೂ ನಗಲಿಲ್ಲ. ರಾಣಿ ಕಾಡಿಗೆ ಹೊರಟಾಗ ಹೆಂಗಸರ ಕಡೆ ಬಿಕ್ಕಿದ ಸದ್ದು ಕೇಳಿತು. ಆದರೆ ಆ ಹೆಂಗಸರ ನಡುವೆ ಈರಕ್ಕ ಇರಲಿಲ್ಲ. ನಿನ್ನ ತಮ್ಮ ಮೀಸೆ ತೆಗೆಸಿದ ಎಂದು ಬಾವಿಯ ಹತ್ತಿರ ಕ್ಷೌರಿಕನ ಹೆಂಡತಿ ಹೇಳಿದ ಸುದ್ದಿ ಕೇಳಿ ಅವಳು ಸಂಜೆಯ ರೈಲಿಗೇ ಹೊರಟಿದ್ದಳು.

ಕಡೂರಿನಲ್ಲಿ ಇಳಿದು, ಬೆಳಗ್ಗೆ ಸಿಕ್ಕಿದ ಗಾಡಿ ಹತ್ತಿ ಈರಕ್ಕ ಯಗಟಿ ಮುಟ್ಟಿದಾಗ ಹೊತ್ತು ನೆತ್ತಿಗೇರಿತ್ತು. ಊರ ಬಾಗಿಲಿನಿಂದಲೇ ಎದೆ ಬಡಿದುಕೊಂಡು ಅಳುತ್ತ ಬಂದಳು. ಅಳುವ ಹೆಣ್ಣುಮಗಳನ್ನು ಒಬ್ಬಳನ್ನೇ ನಡೆಯಲು ಬಿಡುವುದು ನಮ್ಮಲ್ಲಿ ಇಲ್ಲ. ಸತ್ತವರು ಯಾರೆಂದು ತಿಳಿಯದಿದ್ದರೂ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಸೇರಿ ಅತ್ತರು. ಆ ಗುಂಪು ಮನೆಯ ಮುಂದೆ ಬಂದಾಗ ಮುದ್ದಪ್ಪನವರು ಕದಿರು ನಿಲ್ಲಿಸಿ ಎದ್ದು ನಿಂತರು.

“ಯಾರವ್ವ ಹೋದೋರು?”

ಈರಕ್ಕ ಅವರನ್ನೇ ನೋಡಿದಳು. “ನೀನೇ ಕಣಪ್ಪ” ಎಂದು ಕಾಲು ಹಿಡಿದು ಕೂತಳು.

ಊರು ನಕ್ಕಿತು. ಮುದ್ದಪ್ಪನವರೂ ಮೊದಲು ನಕ್ಕರು. ಸಂಜೆ ಮಗ ಬಂದ. ಬೋಳು ಮುಖ, ಜುಟ್ಟೊಂದು ಬಿಟ್ಟು ಬೋಳು ತಲೆ, ಕಣ್ಣಂಚಿನಲ್ಲಿ ಅಳಿಸದೆ ಉಳಿದ ಕಾಡಿಗೆ. ಅವರು ಅವನನ್ನು ಬಹಳ ಹೊತ್ತು ನೋಡಿದರು. ತಮ್ಮ ಹೆಣ ಹೋದ ಮೇಲೆ ಮನೆಗೆ ಮರಳುವ ಮಗ ಹೇಗೆ ಕಾಣಬೇಕೋ ಹಾಗೆಯೇ ಕಾಣುತ್ತಿದ್ದ. ಅಪ್ಪ ಎಂದು ಅವನು ಹತ್ತಿರ ಬಂದಾಗ ಅವರು ಮಗಳ ಕಡೆ ತಿರುಗಿ, “ಸತ್ತೋರು ಮಾತಾಡ್ತಾರೇನವ್ವ?” ಎಂದರು.

ಅಂದಿನಿಂದ ಮಗನೊಡನೆ ಮಾತು ನಿಂತಿತು.

ಮೀಸೆ ಮೂರು ತಿಂಗಳಿಗೆ ಬೆಳೆಯಿತು. ಮಾತು ಬರಲಿಲ್ಲ. ಮರುವರ್ಷ ಅವನ ಮದುವೆಯಾಯಿತು. ಸೊಸೆ ಕಾಂತಮ್ಮನ ತಲೆಯ ಮೇಲೆ ಮಾತ್ರ ಅಕ್ಷತೆ ಹಾಕಿದರು. ಆಮೇಲೆ ಕಾಂತಮ್ಮನೇ ಇಬ್ಬರ ನಡುವಿನ ಟಪಾಲು. ಒಂದು ಮಾರು ದೂರದಲ್ಲಿ ಮಗನನ್ನು ಇಟ್ಟುಕೊಂಡೇ, ಕುರಿಗೆ ಉಪ್ಪು ಹಾಕಿಲ್ಲವೆಂದು ಹೇಳವ್ವ ಎನ್ನುವರು. ಅವಳಿಗಿಂತ ಮೊದಲೇ ಚಿಕ್ಕಬೀರಪ್ಪ ಉಪ್ಪು ತರಲು ಎದ್ದಿರುತ್ತಿದ್ದ. ಬಯಲಾಟಕ್ಕೆ ಹಾಡು ಬರೆದುಕೊಡುತ್ತಿದ್ದ ಹನುಮಂತಪ್ಪ ಮೇಷ್ಟ್ರು ಒಮ್ಮೆ ರಾಜಿಗೆ ಹೋದರು. “ಅವ್ನು ಹೆಣ್ಣಾಗ್ಲಿ ಬುಡಿ ಮೇಷ್ಟ್ರೇ, ಯಾರ್ ಬ್ಯಾಡ ಅಂದ್ರು. ನನ್ನ ಹೆಣ ಮಾಡಿದ್ದು ಯಾಕೆ?” ಎಂದು ಕೇಳಿಸಿಕೊಂಡು ಬಂದರು.

ಚಿಕ್ಕಬೀರಪ್ಪ ಆಟ ಬಿಟ್ಟ. ತಟ್ಟೆಯ ಮುಂದೆ ಕೂತು, ಅಪ್ಪ ಏನಾದರೂ ಅಂದಾರೇನೋ ಎಂದು ಕಾದು, ಆಮೇಲೆ ಮುದ್ದೆ ಮುರಿಯುತ್ತಿದ್ದ ಎಂದು ಕಾಂತಮ್ಮ ಹೇಳುತ್ತಾಳೆ.

ಎರಡು ಸುಗ್ಗಿ ಹೀಗೆ ಕಳೆದವು. ಮೂರನೆಯ ವರ್ಷ ಯಗಟಿಯಲ್ಲೇ ಆಟ ಗೊತ್ತಾದಾಗ ಮೇಳದವರು ಬಂದು ಕಾಡಿದರು. ಹೇಗಿದ್ದರೂ ನಿಮ್ಮಪ್ಪ ಮಾತು ಬಿಟ್ಟಾಯಿತು, ಇನ್ನೊಂದು ಸಲ ಮೀಸೆ ತೆಗೆಸಿದರೆ ಹೋಗುವುದೇನು ಎಂದರು. ಅವನು ಒಪ್ಪಲಿಲ್ಲ. ಬಂದರೆ ಮೀಸೆ ಇಟ್ಟುಕೊಂಡೇ ಬರುತ್ತೇನೆ, ನಗುವವರು ನಗಲಿ ಎಂದ. ಪೆಟ್ಟಿಗೆಯಲ್ಲಿದ್ದ ತಾಯಿಯ ಕರಿ ಚೌಕಳಿ ಸೀರೆ ಉಟ್ಟ. ಕಾಡಿಗೆ ಹೋಗುವವಳಿಗೆ ಮಿಂಚು ಯಾಕೆ ಎಂದು ಕೇಳಿದ. ಮೊದಲಿನಂತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಾಡಿದ. ಆರಂಭದಲ್ಲಿ ನಗು ಕೇಳಿಬಂತು. ಸ್ವಲ್ಪ ಹೊತ್ತಿನ ಮೇಲೆ ಅದೂ ಕೇಳಲಿಲ್ಲ. ಗಂಡಸರ ಸಾಲಿನ ಕೊನೆಯಲ್ಲಿ ಕಂಬಳಿ ಮುಸುಕು ಹಾಕಿಕೊಂಡು ಕೂತಿದ್ದವರನ್ನು ಯಾರೂ ಗುರುತಿಸಲಿಲ್ಲ.

ಮರುದಿನ ಬೆಳಗ್ಗೆ ಅವನು ಹಿತ್ತಿಲಲ್ಲಿ ಎಣ್ಣೆ ಹಚ್ಚಿ ಅರದಾಳ ತೊಳೆಯುತ್ತಿದ್ದ. ಮುದ್ದಪ್ಪನವರು ಬಂದು ಬೆನ್ನ ಹಿಂದೆ ನಿಂತರು.

“ನಿಮ್ಮವ್ವ ಸೆರಗ್ನ ಹಂಗೆ ಹಿಡೀತಿರ್ಲಿಲ್ಲ. ನೀನು ಮುಷ್ಟಿ ಮಾಡ್ತೀಯ.”

ಚಿಕ್ಕಬೀರಪ್ಪ ತಿರುಗಲಿಲ್ಲ. ತಿರುಗಿದರೆ ಮಾತು ನಿಂತೀತೆಂದು ಹೆದರಿದ. ಮುಖದಿಂದ ನೀರು ಸುರಿಯುತ್ತಿದ್ದಂತೆಯೇ, “ಎಂಗೆ ಹಿಡೀತಿದ್ಲು, ತೋರ್ಸಪ್ಪ” ಎಂದ.

ಮುದ್ದಪ್ಪನವರು ಅವನ ಮುಂದೆ ಬಂದರು. ಹೆಗಲ ಕಂಬಳಿಯ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು, ತಮ್ಮ ದಪ್ಪ ಮೀಸೆಯ ಮುಂದೆ ತಂದು, ತಲೆ ಸ್ವಲ್ಪ ಓರೆ ಮಾಡಿ ನಿಂತು ತೋರಿಸಿದರು. ತುಂಬ ಹೊತ್ತು ಹಾಗೆಯೇ ನಿಂತಿದ್ದರು.

ಆಮೇಲೆ ಇಪ್ಪತ್ತು ವರ್ಷ ಅವನ ರಾಣಿ ಸೆರಗನ್ನು ಎರಡೇ ಬೆರಳಲ್ಲಿ ಹಿಡಿದಳು. ಮೊಣಕಾಲು ಸೋತ ಮೇಲೆ ಅವನು ವೇಷ ಬಿಟ್ಟ.

ನಾಲ್ಕು ವರ್ಷದಿಂದ ಮುದ್ದಪ್ಪನವರಿಗೆ ಕಣ್ಣು ಕಾಣುವುದಿಲ್ಲ. ದಿನಾ ಬೆಳಗ್ಗೆ ಅವರ ತಲೆಗೆ ರುಮಾಲು ಸುತ್ತುವುದು ಮಗನ ಕೆಲಸವಾಯಿತು. ಬರಿದಲೆಯಲ್ಲಿ ಜಗಲಿಯ ಮೇಲೆ ಕೂತರೆ ಹಾದಿಹೋಕರು ಮುದುಕನ ಕಾಲ ಮುಗಿಯಿತೆಂದುಕೊಳ್ಳುತ್ತಾರೆ, ರುಮಾಲು ಇದ್ದರೆ ಯಜಮಾನರೇ ಚೆನ್ನಾಗಿದ್ದೀರಾ ಎಂದು ಕೇಳಿ ಹೋಗುತ್ತಾರೆ ಎನ್ನುತ್ತಿದ್ದ. ಜ್ವರದ ಏಳು ದಿನವೂ ಬಿಡಲಿಲ್ಲ.

ಸೋಮವಾರ ಅವನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ನಾನು ಸುತ್ತುತ್ತೇನೆ, ಮಲಗಿ ಎಂದು ಕಾಂತಮ್ಮ ಬೇಡಿಕೊಂಡಳು. ಅವನು ಕಂಬ ಹಿಡಿದು ಜಗಲಿಗೆ ಬಂದು, ಅಪ್ಪನ ಹಿಂದೆ ಮೊಣಕಾಲೂರಿ, ರುಮಾಲು ಸುತ್ತಿದ.

“ಬಿಗಿ ಆಯ್ತು ಕಣೋ” ಎಂದರು ಮುದ್ದಪ್ಪನವರು.

ಅವನು ಕೊನೆಯ ಎರಡು ಸುತ್ತು ಬಿಚ್ಚಿ, ಸಡಿಲವಾಗಿ ಮತ್ತೆ ಸುತ್ತಿದ.